ಪುಸ್ತಕ ಒಂದೆಡೆ, ಲೇಖನಿ ಇನ್ನೊಂದೆಡೆ

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಲ್ಲಿ ಶಾನುಭೋಗರ ಕಾಲ ಕಂಡ ಹಿರಿಯರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಜಮೀನಿನ ಲೆಕ್ಕ ಬೇಕಾದವರು ಆಗ ಶಾನುಭೋಗರ ಜಗಲಿಗೇ ಹೋಗಬೇಕು. ದಫ್ತರದ ಗಂಟು ಬಿಚ್ಚುವವರೂ ಅವರೇ, ಓದುವವರೂ ತಿದ್ದುವವರೂ ಅವರೇ. ಇದರಿಂದಾದ ಅನ್ಯಾಯ ಸಣ್ಣದಲ್ಲ. ಗ್ರಾಮ ಹುದ್ದೆಗಳ ವಂಶಪಾರಂಪರ್ಯವನ್ನು 1961ರ ಕಾಯ್ದೆ ರದ್ದು ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ಪುಸ್ತಕಕ್ಕೆ ಒಂದೇ ಲೇಖನಿ ಇತ್ತು. ಶಾಯಿ ಆರಿದ್ದನ್ನು ಬರೆದವರೇ ಕಣ್ಣಾರೆ ನೋಡುತ್ತಿದ್ದರು.

2000ರ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕಾದರೂ, ಬೆಳೆ ಸಾಲ ಸಿಗಬೇಕಾದರೂ ಯಂತ್ರ ಬರೆದುಕೊಂಡದ್ದೇ ಆಧಾರ.

“ಬರ್ದಾಯ್ತು ಅಂದ್ಮೇಲೆ ಬರ್ದಾಯ್ತು ಅಲ್ವೇನ್ಲಾ ಮಗ?” ಎಂದು ಅಲ್ಲಿನ ತಾತನೊಬ್ಬ, ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಮೊಮ್ಮಗನನ್ನು ಕೇಳಿದರೆ, “ಎಲ್ ಬರೀತದೆ ಅನ್ನೋದ್ರ ಮ್ಯಾಲೈತೆ ತಾತ” ಎಂದಾನು.

ಮೊಮ್ಮಗನ ಉತ್ತರ ಕುಹಕವಲ್ಲ. ಡೇಟಾಬೇಸ್ ಎಂಬುದು ಮೊದಲು ದಿನವಹಿಯಂಥ ಒಂದು ಕಡತದಲ್ಲಿ ಬದಲಾವಣೆ ಗುರುತಿಸಿಕೊಂಡು, ಅದು ಡಿಸ್ಕಿನ ಮೇಲೆ ನಿಂತಿತೆಂದು ಖಾತ್ರಿಯಾದ ಮೇಲೆ ‘ಆಯಿತು’ ಎನ್ನುತ್ತದೆ. ಕರೆಂಟು ಹೋದರೆ ದಿನವಹಿ ನೋಡಿ ಖಾತೆ ಸರಿಪಡಿಸಿಕೊಳ್ಳುತ್ತದೆ. ಡಿಸ್ಕು ಅದೇ ಪೆಟ್ಟಿಗೆಯಲ್ಲಿದ್ದರೆ ಈ ಖಾತ್ರಿ ಬಹುಮಟ್ಟಿಗೆ ನಂಬಿಕಸ್ತ. ಡಿಸ್ಕು ತಂತಿಯಾಚೆಯ ಇನ್ನೊಂದು ಯಂತ್ರದಲ್ಲಿದ್ದರೆ ಖಾತ್ರಿ ಕೊಡುವವನು ಮಧ್ಯಸ್ಥ. 1984ರಲ್ಲಿ ಸನ್ ಕಂಪನಿ ಹೊರತಂದ ಎನ್‌ಎಫ್‌ಎಸ್ ಇಂಥ ಏರ್ಪಾಡು; ದೂರದ ಕಡತ ಮನೆಯದೇ ಎಂಬಂತೆ ಕಾಣುತ್ತದೆ. ಮಧ್ಯಸ್ಥನನ್ನು ‘ಅಸಿಂಕ್’ ಎಂಬ ಕ್ರಮದಲ್ಲಿ ಬಿಟ್ಟರೆ, ಡಿಸ್ಕಿಗೆ ಇಳಿಸುವ ಮೊದಲೇ ‘ಆಯಿತು’ ಎಂದುಬಿಡುತ್ತಾನೆ. ವೇಗ ಹೆಚ್ಚುತ್ತದೆ, ಎಲ್ಲರಿಗೂ ಸಂತೋಷ. ಆ ಗಳಿಗೆಯಲ್ಲಿ ಅವನ ಕರೆಂಟು ಹೋದರೆ ಖಾತೆದಾರನ ಹೆಸರೂ ಹೋಯಿತು.

ಬೀಗದ್ದು ಇನ್ನೊಂದು ತಾಪತ್ರಯ. ಫಾಕ್ಸ್‌ಪ್ರೊ ಕಾಲದಲ್ಲಿ ಹಂಚಿಕೊಂಡ ಡ್ರೈವಿನಲ್ಲಿ ಕಡತ ಇಟ್ಟು ನಾಲ್ಕು ಮೇಜಿನವರು ಒಟ್ಟಿಗೆ ತೆರೆಯುತ್ತಿದ್ದರು. ನಡುವೆ ಒಬ್ಬರು ಸ್ವಿಚ್ ಆರಿಸಿದರೆ ಇಂಡೆಕ್ಸ್ ಕೆಡುತ್ತಿತ್ತು. ಈಗಿನ ಎಸ್‌ಕ್ಯುಲೈಟ್ ಮಾಡಿದವರೂ, ಅನೇಕ ಎನ್‌ಎಫ್‌ಎಸ್ ವ್ಯವಸ್ಥೆಗಳಲ್ಲಿ ಬೀಗ ಸರಿಯಾಗಿ ಬೀಳುವುದಿಲ್ಲ ಎಂದು ತಮ್ಮ ಕೈಪಿಡಿಯಲ್ಲೇ ಎಚ್ಚರಿಸಿದ್ದಾರೆ. ಇಬ್ಬರು ಒಂದೇ ತೂಬಿನ ಬಾಗಿಲಿಗೆ ಕೈಹಾಕಿದರೆ ಏನಾಗುತ್ತದೆಂದು ನಾಲೆ ಬಯಲಿನವರಿಗೆ ವಿವರಿಸಬೇಕಿಲ್ಲ.

ಹಾಗೆಂದು ಮಾಡಲೇಬಾರದೆಂದಲ್ಲ. ಪೋಸ್ಟ್‌ಗ್ರೆಸ್ ಕೈಪಿಡಿ ಎನ್‌ಎಫ್‌ಎಸ್‌ಗೆ ಒಪ್ಪುತ್ತದೆ, ಷರತ್ತಿನ ಮೇಲೆ. ಜೋಡಣೆ ‘ಹಾರ್ಡ್’ ಇರಬೇಕು: ತಂತಿ ಕಡಿದರೆ ಕೆಲಸ ಕಾಯುತ್ತ ನಿಲ್ಲಬೇಕೇ ಹೊರತು, ‘ಸಾಫ್ಟ್’ ಜೋಡಣೆಯಂತೆ ಅರ್ಧಕ್ಕೆ ಕೈಬಿಡಬಾರದು. ಕಡತ ಹಂಚುವ ಯಂತ್ರ ‘ಅಸಿಂಕ್’ ಬಿಟ್ಟು ‘ಸಿಂಕ್’ ಕ್ರಮದಲ್ಲಿರಬೇಕು. ಆ ಕಡತಗಳನ್ನು ಒಂದೇ ಡೇಟಾಬೇಸ್ ಯಂತ್ರ ಮುಟ್ಟಬೇಕು. ಕಾಯುತ್ತ ನಿಂತ ಯಂತ್ರ ಕಂಡು ಗುಮಾಸ್ತರಿಗೆ ಸಿಟ್ಟು ಬರುವುದುಂಟು. ಅದು ಪ್ರಾಮಾಣಿಕತೆಯ ನಿಧಾನ.

ಇದಕ್ಕಿಂತ ನೇರವಾದ ದಾರಿ ಶಾನುಭೋಗರದೇ. ಪುಸ್ತಕವೂ ಲೇಖನಿಯೂ ಒಂದೇ ಕಡೆ ಇರಲಿ. ತಂತಿಯ ಮೇಲೆ ಪ್ರಶ್ನೆ ಹೋಗಲಿ, ಉತ್ತರ ಬರಲಿ. ಡೇಟಾಬೇಸನ್ನು ಡಿಸ್ಕಿರುವ ಯಂತ್ರದಲ್ಲೇ ಕೂರಿಸಿ, ಉಳಿದವರು ಅದನ್ನು ಕೇಳಿಕೊಂಡರೆ ಬೀಗದ ಜಗಳ ಅಲ್ಲೇ ತೀರುತ್ತದೆ. ದೂರದ ಡಿಸ್ಕಿಗೆ ನಕಲು ಇಡುವ ಕೆಲಸ ವಹಿಸಬಹುದು. ಅದೂ ಓಡುತ್ತಿರುವ ಕಡತವನ್ನು ಸುಮ್ಮನೆ ಎತ್ತಿಕೊಂಡು ಹೋಗುವುದಲ್ಲ, ಡೇಟಾಬೇಸೇ ಕೊಟ್ಟ ನಕಲು. ನಂಬುವ ಮುನ್ನ ಸುಳ್ಳು ಹೆಸರು ತುಂಬಿ, ಬರೆಯುತ್ತಿರುವಾಗಲೇ ಪ್ಲಗ್ಗು ಕಿತ್ತು, ಮತ್ತೆ ಹಾಕಿ ‘ಆಯಿತು’ ಎಂದ ಪ್ರತಿ ಸಾಲೂ ಉಳಿದಿದೆಯೇ ಎಂದು ಎಣಿಸಬೇಕು. ಒಂದು ಸಾಲು ಕಡಿಮೆಯಾದರೂ ಆ ಏರ್ಪಾಡಿಗೆ ಯಾರ ಪಹಣಿಯನ್ನೂ ಒಪ್ಪಿಸುವಂತಿಲ್ಲ.