ಅಪ್ಪಣೆ ಚೀಟಿ

2003ರ ಜೂನ್ ತಿಂಗಳ ಭಾನುವಾರಗಳಲ್ಲಿ ಡೊಂಬಿವಲಿ ಪೂರ್ವದ ಆ ಎರಡು ಕೋಣೆಯ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಇರಾಕಿನ ಮಾತು ಬರುತ್ತಿತ್ತು. ಮನೆಯ ಯಜಮಾನರು ಕಲ್ಯಾಣದ ಲೋಕೊ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಬೈಲಹೊಂಗಲದ ಕಡೆಯವರು. ಅಳಿಯ ನೆರೂಳಿನಲ್ಲಿದ್ದ, ನ್ಹಾವಾ ಶೇವಾ ಬಂದರಿನ ಕೆಲಸ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಠಾಣೆ–ವಾಶಿ ರೈಲು ಇನ್ನೂ ಶುರುವಾಗಿರಲಿಲ್ಲ, ಅದು ಬಂದದ್ದು 2004ರ ಕೊನೆಗೆ. ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಹೆಂಡತಿ ಮಗುವನ್ನು ಕರೆದುಕೊಂಡು ಡೊಂಬಿವಲಿ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಂತಾಗುತ್ತಿತ್ತು. ಇಷ್ಟು ದೂರ ಬಂದು ಮಾವನ ಜೊತೆ ವಾದ ಹಾಕೂದ್ಯಾಕ ಎಂದು ಅತ್ತೆ ಕೇಳುತ್ತಿದ್ದರು.

ವಾದ ಸಣ್ಣದಾಗಿರಲಿಲ್ಲ. ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ಯುದ್ಧ ಶುರುಮಾಡಿದ್ದವು. ಮೂರು ವಾರದಲ್ಲಿ ಬಾಗ್ದಾದ್ ಬಿದ್ದಿತ್ತು. ಈಗ ಅಮೆರಿಕ ಭಾರತವನ್ನು ಕೇಳುತ್ತಿತ್ತು: ಒಂದು ಡಿವಿಷನ್, ಅಂದರೆ ಸುಮಾರು 17,000 ಸೈನಿಕರನ್ನು ಕಳಿಸಿಕೊಡಿ, ಉತ್ತರ ಇರಾಕಿನ ಮೊಸೂಲ್ ಕಡೆಯ ಭಾಗವನ್ನು ನೀವು ನೋಡಿಕೊಳ್ಳಿ. ದಿಲ್ಲಿಯಲ್ಲಿ ಕೆಲವರು ಹೋಗಬೇಕು ಎನ್ನುತ್ತಿದ್ದರು, ಕೆಲವರು ಕೂಡದು ಎನ್ನುತ್ತಿದ್ದರು. ವಾಜಪೇಯಿಯವರು ಮಾತ್ರ ಎಂದಿನಂತೆ ನಿಧಾನವಾಗಿದ್ದರು.

ಅದಕ್ಕೂ ಮೊದಲು, ಏಪ್ರಿಲ್ 8ರಂದು, ಲೋಕಸಭೆ ಈ ಯುದ್ಧದ ಬಗ್ಗೆ ಒಮ್ಮತದ ನಿರ್ಣಯ ಮಾಡಿತ್ತು. ಆ ಒಮ್ಮತ ಒಂದು ಶಬ್ದದ ಮೇಲೆ ನಿಂತಿತ್ತು. ವಿರೋಧ ಪಕ್ಷಗಳಿಗೆ ‘ಕಂಡೆಮ್’ ಬೇಕಿತ್ತು, ಸರಕಾರಕ್ಕೆ ಅಷ್ಟು ಗಟ್ಟಿ ಮಾತು ಬೇಡವಾಗಿತ್ತು. ಕೊನೆಗೆ ಹಿಂದಿಯ ನಿರ್ಣಯದಲ್ಲಿ ‘ನಿಂದಾ’ ಎಂದು ಬಂತು, ಇಂಗ್ಲಿಷಿನಲ್ಲಿ ಅದು ‘ಡಿಪ್ಲೋರ್’ ಆಯಿತು. ‘ನಿಂದಾ’ ಎಂದರೆ ಖಂಡನೆಯೂ ಹೌದು, ಬೇಸರದ ಆಕ್ಷೇಪವೂ ಹೌದು. ಯಾರಿಗೆ ಯಾವುದು ಬೇಕೋ ಅದನ್ನು ಓದಿಕೊಂಡರು. ಕನ್ನಡದಲ್ಲಿ ಈ ಸೌಕರ್ಯವಿಲ್ಲ. ನಮ್ಮಲ್ಲಿ ನಿಂದೆ ಎಂದರೆ ಬೆನ್ನ ಹಿಂದೆ ಆಡುವ ಕೆಟ್ಟ ಮಾತು, ಇಲ್ಲವೇ ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ. ಡೊಂಬಿವಲಿಯ ಗೋಡೆಗಳ ಮೇಲೆ ಮರಾಠಿಯವರು ‘ಜಾಹೀರ್ ನಿಷೇಧ್’ ಎಂದು ಬರೆಯುತ್ತಾರೆ. ಊರಿಂದ ಹೊಸದಾಗಿ ಬಂದ ಕನ್ನಡಿಗ ಅದನ್ನು ಓದಿ, ಏನನ್ನೋ ಬಂದ್ ಮಾಡಿದ್ದಾರೆ ಎಂದುಕೊಳ್ಳುತ್ತಾನೆ. ಅಲ್ಲಿ ನಿಷೇಧ ಎಂದರೆ ಬರೀ ಪ್ರತಿಭಟನೆ. ಒಂದೇ ಸಂಸ್ಕೃತ ಶಬ್ದ ಮೂರು ಮನೆಗಳಲ್ಲಿ ಮೂರು ಸಂಸಾರ ಮಾಡಿಕೊಂಡಿದೆ.

ಸಂಸತ್ತಿಗೆ ಅಂಥ ಶಬ್ದ ಸಿಕ್ಕಿತು. ಮಾವ ಅಳಿಯನಿಗೆ ಸಿಗಲಿಲ್ಲ.

ಅಳಿಯನ ಮಾತಿನಲ್ಲಿ ತಿರುಳಿಲ್ಲದೆ ಇರಲಿಲ್ಲ. ಯುದ್ಧಕ್ಕೆ ಮುಂಚೆ ವಿಶ್ವಸಂಸ್ಥೆಯ ‘ಎಣ್ಣೆಗೆ ಬದಲು ಆಹಾರ’ ಯೋಜನೆಯಲ್ಲಿ ಭಾರತದ ಸರಕೂ ಇರಾಕಿಗೆ ಹೋಗುತ್ತಿತ್ತು. ಉಮ್ ಕಸರ್ ಬಂದರಿಗೆ ಹೋಗಬೇಕಿದ್ದ ಅವನ ಕಚೇರಿಯ ಕಾಗದಪತ್ರಗಳು ಮಾರ್ಚಿನಿಂದ ಕಪಾಟಿನಲ್ಲೇ ಇದ್ದವು. ಆ ತಿಂಗಳ ಸಂಬಳ ತಡವಾಗಿತ್ತು. ಬಾಗ್ದಾದಿನಲ್ಲಿ ಆಸ್ಪತ್ರೆ, ಮ್ಯೂಸಿಯಂ ಎಲ್ಲವನ್ನೂ ಲೂಟಿ ಮಾಡುವುದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದರು.

“ತಪ್ಪು ಅಮೆರಿಕದವರದ, ನಾನೂ ಒಪ್ಪತೀನ್ರಿ ಮಾಮಾ. ಆದ್ರ ಅಲ್ಲಿ ಮಂದಿಗೆ ಇವತ್ತ ನೀರಿಲ್ಲ, ಕರೆಂಟಿಲ್ಲ, ಪೊಲೀಸ್ರಿಲ್ಲ. ಯಾರರ ಹೋಗಿ ನಿಂದರಬೇಕಲ್ರಿ? ನಮ್ಮವರು ಕಾಂಗೋಕ್ಕ ಹೋಗ್ಯಾರ, ಸೊಮಾಲಿಯಾಕ್ಕ ಹೋಗ್ಯಾರ. ನಮ್ಮ ಸಿಪಾಯಿಗಳ ಹೆಸರು ಛಲೋ ಐತಿ.”

“ಅಲ್ಲೆಲ್ಲಾ ಯಾರ ಕರದಿದ್ರು, ಇಲ್ಲಿ ಯಾರ ಕರ್ಯಾಕತ್ಯಾರ, ಅದನ್ನ ನೋಡ್ರಿ ಅಳಿಯಂದ್ರ. ಮನಿ ಕಬ್ಜಾ ಮಾಡಿದವ್ರ ಕರದ್ರ ನಾವು ಕಾವಲಿಗೆ ಹೋಗೂದೇನು?”

ಕಬ್ಜಾ ಎಂಬ ಮಾತಿಗೆ ಅಳಿಯ ಸಿದ್ಧನಾಗಿಯೇ ಬಂದಿದ್ದ. ಮೇ 22ರಂದು ಭದ್ರತಾ ಮಂಡಳಿ 1483ನೇ ನಿರ್ಣಯದಲ್ಲಿ ಅಮೆರಿಕ, ಬ್ರಿಟನ್ನುಗಳನ್ನು ‘ಆಕ್ಯುಪೈಯಿಂಗ್ ಪವರ್ಸ್’ ಎಂದೇ ಕರೆದಿತ್ತು; ಆ ಸ್ಥಾನಕ್ಕೆ ಕಾನೂನಿನಲ್ಲಿರುವ ಅಧಿಕಾರ, ಹೊಣೆ ಎರಡನ್ನೂ ಹೇಳಿತ್ತು. ಬೈಲಹೊಂಗಲದ ಹೊಲದ ಉತಾರದಲ್ಲಿ ‘ಕಬ್ಜೆದಾರ’ ಎಂಬ ಕಾಲಂ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಡೊಂಬಿವಲಿಯ ಚಾಳಿನಲ್ಲಿ ಕಬ್ಜಾ ಎಂದರೆ ಗೂಂಡಾಗಿರಿ. ಉತಾರದಲ್ಲಿ ಅದೇ ಶಬ್ದಕ್ಕೆ ಸರಕಾರದ ಮೊಹರು ಬಿದ್ದಿರುತ್ತದೆ. ಮಾವನ ಉತ್ತರವೂ ಉತಾರದಿಂದಲೇ ಬಂತು: ಕಾಲಮ್ಮಿನಾಗ ಹೆಸರು ಬಂದ್ರ ಹೊಲಾ ಅವನದಾಗೂದಿಲ್ಲ, ಕೋರ್ಟಿಗೆ ಹೋಗಿ ನೋಡ್ರಿ.

ಅವರ ವಿರೋಧಕ್ಕೆ ಎರಡು ಬೇರುಗಳಿದ್ದವು. ಒಂದು ಎಲ್ಲರಿಗೂ ಗೊತ್ತಿದ್ದದ್ದು, ಶ್ರೀಲಂಕಾ. 1987ರಲ್ಲಿ ಒಪ್ಪಂದದ ಮೇಲೆ, ಶಾಂತಿಪಾಲನಾ ಪಡೆ ಎಂಬ ಹೆಸರಿನಲ್ಲಿ ಹೋದ ಭಾರತದ ಸೈನ್ಯ, ಯಾರನ್ನು ಕಾಯಲು ಹೋಗಿತ್ತೋ ಅವರ ನಡುವಿನಿಂದಲೇ ಬಂದ ಗುಂಡಿಗೆ ಎದೆಯೊಡ್ಡಿತು. 1990ರ ಮಾರ್ಚಿನಲ್ಲಿ ಹಿಂತಿರುಗುವಾಗ ಸುಮಾರು 1,200 ಜನ ಸತ್ತಿದ್ದರು.

ಇನ್ನೊಂದು ಬೇರು ಮನೆಯ ಟ್ರಂಕಿನಲ್ಲಿತ್ತು. ಅವರ ಅಜ್ಜ 110ನೇ ಮರಾಠಾ ಪಲ್ಟಣಿನಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆಗ ಮೆಸೊಪೊಟೇಮಿಯಾ ಎನ್ನುತ್ತಿದ್ದ ಇರಾಕಿಗೆ ಲಕ್ಷಗಟ್ಟಲೆ ಭಾರತೀಯರನ್ನು ಕಳಿಸಿದರು. ಹೊರಟದ್ದು ಇದೇ ಮುಂಬೈ ಬಂದರಿನಿಂದ. ಆ ಪಲ್ಟಣ ಕೂಟ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತು. ತಿನ್ನಲು ಏನೂ ಉಳಿಯದೆ ಕುದುರೆ ಕೊಯ್ದು ತಿನ್ನುವ ಹೊತ್ತು ಬಂತು, ಎಷ್ಟೋ ಭಾರತೀಯ ಸಿಪಾಯಿಗಳು ಅದನ್ನು ಮುಟ್ಟದೆ ಸೊರಗಿದರು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾಗಿ ಕೈದಿಗಳಾದರು. ಅಜ್ಜ ಬದುಕಿ ಊರಿಗೆ ಬಂದರು, ಬೆಳ್ಳಿಯ ಒಂದು ಪದಕದೊಂದಿಗೆ. ಅದರ ಅಂಚಿನಲ್ಲಿ ಅವರ ಹೆಸರನ್ನು ಯಾರೋ ಇಂಗ್ಲಿಷಿನಲ್ಲಿ ತಪ್ಪಾಗಿ ಕೊರೆದಿದ್ದರು.

ಮುತ್ತಿಗೆಯ ವಿಷಯ ಅಜ್ಜ ಆಡುತ್ತಲೇ ಇರಲಿಲ್ಲವಂತೆ. ಆಡುತ್ತಿದ್ದದ್ದು ಅದಕ್ಕಿಂತ ಮೊದಲಿನ ಒಂದು ಮಾತು, ಗೆದ್ದ ಕಾಲದ್ದು. ಅಮಾರಾ ಎಂಬ ಊರಿನಲ್ಲಿ ಹೊಳೆಯ ದಂಡೆಗೆ ಅವರನ್ನು ಪಹರೆಗೆ ನಿಲ್ಲಿಸಿದ್ದರು. ನೀರಿಗೆ ಬಂದ ಹೆಂಗಸರು ಅವರನ್ನು ಕಂಡೊಡನೆ ಮುಖ ತಿರುಗಿಸಿದರು. “ಬೆಳಗಾವಿ ಕ್ಯಾಂಪಿನಾಗ ಗೋರಾ ಸೋಜರ ಬಂದ್ರ ನಮ್ಮ ಹೆಣ್ಮಕ್ಕಳೂ ಹಂಗ ತಿರಗ್ತಿದ್ರು. ಅವತ್ತ ನಾ ಸೋಜರ ಆಗಿದ್ನಿ” ಎನ್ನುತ್ತಿದ್ದರಂತೆ. ಮೊಮ್ಮಗ ಇದನ್ನು ಹೇಳಿ ಮುಗಿಸಿದ ಮೇಲೆ ಊಟದ ಪಂಕ್ತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಳಿಯನೇ ಮೌನ ಮುರಿದ: “ಆಗ ನಾವು ಗುಲಾಮರಿದ್ವಿ ಮಾಮಾ. ಈಗ ಹೋದ್ರ ನಮ್ಮ ಮನಸಿಂದ ಹೋಗೂದು.” ಮಾವ ಹೇಳಿದರು, “ಆ ಹೆಣ್ಮಗಳಿಗೆ ಅದು ಹೆಂಗ ಗೊತ್ತಾಗಬೇಕ್ರಿ?”

ಈ ವಾದದಲ್ಲಿ ಮೂರನೆಯವನೊಬ್ಬನಿದ್ದ, ಆದರೆ ಆ ಮನೆಯಲ್ಲಿರಲಿಲ್ಲ. ಅಳಿಯನ ತಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಸೆಂಟರಿನಲ್ಲಿ ತಯಾರಾದ ಸಿಪಾಯಿ. ಡಿವಿಷನ್ ಹೋಗುವುದೇ ಆದರೆ ಅವನ ಪಲ್ಟಣಿನ ಸರದಿ ಬಂದರೂ ಬರಬಹುದಿತ್ತು. ಒಂದು ಭಾನುವಾರ ಅವನೇ ಎಸ್‌ಟಿಡಿ ಬೂತಿನಿಂದ ಡೊಂಬಿವಲಿಗೆ ಫೋನು ಮಾಡಿದ. ಅಣ್ಣ ಕೇಳಿದ, ಏನಂತೀಯಪ್ಪಾ ನೀನು? ತಮ್ಮ ಹೇಳಿದ್ದು ಇಷ್ಟು: “ನಾವೇನ ಅನ್ನೂದೈತಿ? ಆರ್ಡರ್ ಬಂದ್ರ ಹೋಗೂದು. ವಿಶ್ವಸಂಸ್ಥೆದ್ದಾದ್ರ ಭತ್ತೆ ಛಲೋ ಸಿಗತೈತಂತ. ಊರಾಗಿನ ಮನಿಗೆ ಸ್ಲ್ಯಾಬ್ ಹಾಕಬೇಕಲ್ಲ.” ಫೋನಿಟ್ಟ ಮೇಲೆ ಅಳಿಯ ಆ ದಿನ ಇರಾಕಿನ ಮಾತು ತೆಗೆಯಲಿಲ್ಲ, ಮಾವನೂ ತೆಗೆಯಲಿಲ್ಲ.

ಜುಲೈ 14ರಂದು ಸಂಪುಟದ ಭದ್ರತಾ ಸಮಿತಿ ತೀರ್ಮಾನ ಮಾಡಿತು: ಕಳಿಸುವುದಿಲ್ಲ. ವಿಶ್ವಸಂಸ್ಥೆಯ ಸ್ಪಷ್ಟ ‘ಮ್ಯಾಂಡೇಟ್’ ಇದ್ದರೆ ವಿಚಾರ ಮಾಡಬಹುದು ಎಂದು ಸರಕಾರ ಹೇಳಿತು. ಮತ್ತೆ ಒಂದು ಶಬ್ದ. ಮಾವ ಅದಕ್ಕೆ ‘ಅಪ್ಪಣೆ ಚೀಟಿ’ ಎಂದರು. ನಿಘಂಟಿನ ‘ಆದೇಶ’ಕ್ಕಿಂತ ಅದು ವಾಸಿ. ಆದರೆ ಇರಾಕಿನಲ್ಲಿ ಆ ಶಬ್ದಕ್ಕೆ ಬೇರೆಯೇ ನೆನಪಿತ್ತು. 1917ರಲ್ಲಿ ಬಾಗ್ದಾದ್ ಹಿಡಿದ ಬ್ರಿಟಿಷ್ ಜನರಲ್ ಮಾಡ್, ತಾವು ಗೆದ್ದವರಾಗಿ ಅಲ್ಲ, ಬಿಡಿಸುವವರಾಗಿ ಬಂದಿದ್ದೇವೆ ಎಂದು ಸಾರಿದ್ದ. 1920ರಲ್ಲಿ ಬ್ರಿಟನ್ ಆ ದೇಶವನ್ನು ಇಟ್ಟುಕೊಂಡದ್ದು ‘ಮ್ಯಾಂಡೇಟ್’ ಎಂಬ ಹೆಸರಿನಲ್ಲೇ. ಜನ ದಂಗೆಯೆದ್ದಾಗ ಅದನ್ನು ಅಡಗಿಸಲು ಹೋದ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರು. ಆ ಚೀಟಿಯ ಅವಧಿ ಮುಗಿದದ್ದು 1932ರಲ್ಲಿ.

2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬಿನ ಲಾರಿ ನುಗ್ಗಿ, ಸೆರ್ಜಿಯೊ ವಿಯೇರಾ ದೆ ಮೆಲ್ಲೊ ಸೇರಿ 22 ಜನ ಸತ್ತರು. ಚೀಟಿ ಬರೆದುಕೊಡುವವರಿಗೇ ಅಲ್ಲಿ ರಕ್ಷಣೆ ಇರಲಿಲ್ಲ. ಅಕ್ಟೋಬರ್ 16ರಂದು 1511ನೇ ನಿರ್ಣಯ ಬಹುರಾಷ್ಟ್ರೀಯ ಪಡೆಗೆ ಒಪ್ಪಿಗೆ ಕೊಟ್ಟಿತು. ಕೇಳಿದ್ದ ಅಪ್ಪಣೆ ಒಂದು ರೀತಿಯಲ್ಲಿ ಬಂದಿತ್ತು. ಭಾರತ ಆಗಲೂ ಕಳಿಸಲಿಲ್ಲ. ಬೇಡ ಎಂದು ನೇರವಾಗಿ ಹೇಳಲಾಗದ ಕಡೆ ‘ಮ್ಯಾಂಡೇಟ್’ ಕೆಲಸಕ್ಕೆ ಬಂದಿತ್ತು, ಒಟ್ಟಾಗಿ ನಿಲ್ಲಲಾಗದ ಕಡೆ ‘ನಿಂದಾ’ ಬಂದಂತೆ. ಇದನ್ನು ಠಕ್ಕುತನ ಎನ್ನಬಹುದು. ಆ ಎರಡು ಸಡಿಲ ಶಬ್ದಗಳು 17,000 ಮನೆಗಳ ಮಕ್ಕಳನ್ನು ಊರಲ್ಲೇ ಉಳಿಸಿದವು ಎಂದೂ ಹೇಳಬಹುದು.

ಅಳಿಯ ಸೋಲೊಪ್ಪಲಿಲ್ಲ. 2014ರ ಮೇ ತಿಂಗಳಲ್ಲಿ ಕಲ್ಯಾಣದ ನಾಲ್ವರು ಹುಡುಗರು ಯಾತ್ರಿಕರ ಜೊತೆ ಇರಾಕಿಗೆ ಹೋಗಿ ಐಸಿಸ್ ಸೇರಿದರು. ಜೂನಿನಲ್ಲಿ ಮೊಸೂಲ್ ಐಸಿಸ್ ಕೈಗೆ ಬಿತ್ತು. ಅಲ್ಲಿ ಕೆಲಸಕ್ಕೆ ಹೋಗಿದ್ದ 39 ಭಾರತೀಯರನ್ನು ಹಿಡಿದೊಯ್ದು ಕೊಂದರು, ಅದು ಖಚಿತವಾಗಿ ತಿಳಿದದ್ದು 2018ರಲ್ಲಿ. ಹೋಗದೆ ಉಳಿದರೂ ಮೊಸೂಲ್ ಬಿಡಲಿಲ್ಲ ನೋಡಿ, ಅದು ಕಲ್ಯಾಣಕ್ಕೇ ಬಂತು ಎನ್ನುವುದು ಅವನ ಮಾತು. ಆಗ ನಮ್ಮವರು ಅಲ್ಲಿ ನಿಂತಿದ್ದರೆ ಆ ಊರು ಈ ಗತಿಗೆ ಬರುತ್ತಿರಲಿಲ್ಲವೇನೋ ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಎದುರು ಹೇಳಲು ಮಾವ ಇಲ್ಲ. ಪದಕ ಅತ್ತೆಯ ಟ್ರಂಕಿನಲ್ಲಿದೆ.

ತಮ್ಮ ಈಗ ಸೈನ್ಯದಿಂದ ನಿವೃತ್ತನಾಗಿ ಐರೋಲಿಯ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಕಳೆದ ದೀಪಾವಳಿಗೆ ಎಲ್ಲರೂ ಡೊಂಬಿವಲಿಯಲ್ಲಿ ಸೇರಿದ್ದಾಗ ಅತ್ತೆಯೇ ಅವನನ್ನು ಕೇಳಿದರು: ಅವತ್ತ ಹೋಗಂದಿದ್ರ ಹೋಗ್ತಿದ್ದೇನೋ ತಮ್ಮಾ?

“ಹೋಗ್ತಿದ್ನಿ” ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು, “ಅನ್ನಲಿಲ್ಲ, ಛಲೋ ಆತು” ಎಂದ. ಅಣ್ಣ ಏನೂ ಹೇಳದೆ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ.