ನಾನೂರು ವರ್ಷ ಗಿಡ ನೆಟ್ಟ ರೋಬೋ

ಗೇಮ್ ಅಂದರೆ ಈಗಿನ ಮಕ್ಕಳಿಗೆ ಓಡುವುದು, ಗುಂಡು ಹಾರಿಸುವುದು, ಅಷ್ಟೇ. ಆದರೆ ಕಥೆ ಹೇಳುವ ಗೇಮುಗಳೂ ಇವೆ ಸ್ನೇಹಿತರೇ. ನಾವೇ ಒಂದು ಪಾತ್ರವಾಗಿ ಊರೂರು ತಿರುಗಬೇಕು, ಸಿಕ್ಕವರ ಜೊತೆ ಮಾತಾಡಬೇಕು, ಕಥೆಯನ್ನು ಮುಂದಕ್ಕೆ ನಡೆಸಬೇಕು. ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಬಯಲಾಟಕ್ಕೆ ವೇಷ ಕಟ್ಟಿದ ಹಾಗೆ ಅಂದುಕೊಳ್ಳಿ.

ಅಂಥದ್ದರಲ್ಲಿ ಹೆಸರುವಾಸಿಯಾದದ್ದು ಜಪಾನಿನ 'ಕ್ರೋನೋ ಟ್ರಿಗರ್'. 1995ರ ಮಾರ್ಚ್‌ನಲ್ಲಿ ಸ್ಕ್ವೇರ್ ಕಂಪನಿ ಹೊರತಂದದ್ದು. 2024ರಲ್ಲಿ ತೀರಿಕೊಂಡ ಅಕಿರಾ ತೋರಿಯಾಮಾ ಅದರ ಪಾತ್ರಗಳನ್ನು ಬರೆದವರು. ಅದೇ, 'ಡ್ರಾಗನ್ ಬಾಲ್' ಚಿತ್ರಕಾರ. 1999ರಲ್ಲಿ ಲೋಕ ನಾಶವಾಗುತ್ತದೆ ಅಂತ ತಿಳಿದ ಕೆಲವು ಹುಡುಗರು ಕಾಲದಲ್ಲಿ ಹಿಂದೆ ಮುಂದೆ ಓಡಾಡಿ ಅದನ್ನು ತಪ್ಪಿಸುವ ಕಥೆ. ಹಾಳಾದ 2300ನೇ ಇಸವಿಯಿಂದ ಅವರ ಜೊತೆ ಬರುವವನು ರೋಬೋ ಎಂಬ ಯಂತ್ರಮಾನವ.

ನಾನು ಇದನ್ನು ಮೊದಲು ಆಡಿದ್ದು 2004ರಲ್ಲಿ, ಬೆಂಗಳೂರಿನಲ್ಲಿ, ಗೆಳೆಯನ ಕಂಪ್ಯೂಟರಿನಲ್ಲಿ. ಆಗ ಮನಸ್ಸಿಗೆ ಹಿಡಿದದ್ದು ಕಾಲಯಂತ್ರ ಮತ್ತು ಕಾಳಗ. ಹೋದ ಬೇಸಿಗೆ ರಜೆಯಲ್ಲಿ ಕುಂದುರ್ಪಿಯಲ್ಲಿ ಕೂತು ಮೊಬೈಲಿನಲ್ಲಿ ಮತ್ತೆ ಆಡಿದೆ. ಈ ಸಲ ಬೇರೊಂದು ಜಾಗದಲ್ಲಿ ನಿಂತುಬಿಟ್ಟೆ.

600ನೇ ಇಸವಿಯಲ್ಲಿ ಒಂದು ಮರಳುಗಾಡು. ಅಲ್ಲಿ ಫಿಯೋನಾ ಎಂಬ ಹೆಣ್ಣುಮಗಳು ಕಾಡು ಬೆಳೆಸುವ ಹಟ ಹಿಡಿದಿದ್ದಾಳೆ. ಗಿಡಗಳನ್ನು ಹಾಳುಮಾಡುವ ರಾಕ್ಷಸನನ್ನು ಹುಡುಗರು ಕೊಲ್ಲುತ್ತಾರೆ, ಸರಿ. ಆದರೆ ಕಾಡು ಬೆಳೆಯಲು ನೂರಾರು ವರ್ಷ ಬೇಕಲ್ಲ? ರೋಬೋ "ನಾನು ಇಲ್ಲೇ ಉಳಿಯುತ್ತೇನೆ" ಅನ್ನುತ್ತಾನೆ. ಉಳಿದವರು ಕಾಲಯಂತ್ರ ಹತ್ತಿ 1000ನೇ ಇಸವಿಗೆ ಹಾರುತ್ತಾರೆ. ಮರಳಿದ್ದ ಕಡೆ ಈಗ ಹಸಿರು ಕಾಡು. ಅದರೊಳಗೆ ಫಿಯೋನಾಳ ಹೆಸರಿನ ಒಂದು ಗುಡಿ. ಅಲ್ಲಿ ಕೆಟ್ಟು ನಿಂತ ರೋಬೋ. ಲುಕ್ಕಾ ಎಂಬ ಹುಡುಗಿ ರಿಪೇರಿ ಮಾಡಿದ ಮೇಲೆ ಕಣ್ಣು ಬಿಡುತ್ತಾನೆ.

ಆಡುವವರಿಗೆ ಆ ನಾನೂರು ವರ್ಷ ಒಂದು ಕ್ಷಣ. ರೋಬೋಗೆ ಮಾತ್ರ ಒಂದೊಂದು ದಿನವೂ ಒಂದೊಂದು ದಿನವೇ!

ನಮ್ಮ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ. ಮುಂಗಾರಿಗೆ ಪಶ್ಚಿಮ ಘಟ್ಟ ಅಡ್ಡ, ಹಿಂಗಾರಿಗೆ ಕರಾವಳಿ ದೂರ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವವರು ನಾವು. ನೆಟ್ಟ ಗಿಡ ಎರಡು ಬೇಸಿಗೆ ಬದುಕಿದರೆ ಅದೇ ದೊಡ್ಡದು.

ಇನ್ನು ನಮ್ಮ ಕನ್ನಡ ಶಾಲೆ. ಒಂದನೇ ತರಗತಿಗೆ ಸೇರುವ ಹೆಸರುಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. "ಸಾರ್, ಆಫೀಸೆಲ್ಲ ತೆಲುಗು, ಕೆಲಸಕ್ಕೆ ಇಂಗ್ಲಿಷು, ಕನ್ನಡ ಓದಿ ಏನು ಬರುತ್ತೆ?" ಅಂತ ತಂದೆ ತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಂಗಿಯ ಜೇಬಿನಿಂದ ತೆಗೆದು ತೋರಿಸುವಂಥ ಉತ್ತರ ನನ್ನಲ್ಲಿಲ್ಲ. ಮನೆಯ ಮಾತಿನಲ್ಲಿ ಓದಿದ ಮಗು ಪ್ರಶ್ನೆ ಕೇಳಲು ಹೆದರುವುದಿಲ್ಲ, ಇದನ್ನು ದಿನಾ ನೋಡುತ್ತೇನೆ. ಫಲ ಕಾಣಲು ಹತ್ತು ವರ್ಷವೋ ಇಪ್ಪತ್ತು ವರ್ಷವೋ. ನಮಗೆ ಕಾಲಯಂತ್ರವಿಲ್ಲ. ಮೇಷ್ಟರ ಕೆಲಸ ರೋಬೋನ ಪಾಲಿನದು.

ಶಾಲೆ ಶುರುವಾದ ಮೇಲೆ ಐದನೇ ತರಗತಿಯಲ್ಲಿ ಈ ಕಥೆ ಹೇಳಿದೆ. ಜಪಾನಿನ ಕಥೆ, ನಾನು ಆಡಿದ್ದು ಇಂಗ್ಲಿಷಿನಲ್ಲಿ, ಮಕ್ಕಳು ಕೇಳಿದ್ದು ಕನ್ನಡದಲ್ಲಿ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

"ಸಾರ್, ಫಿಯೋನಾ ಆ ಕಾಡು ನೋಡಿದಳಾ?"

"ಇಲ್ಲಮ್ಮಾ. ಮನುಷ್ಯರು ಅಷ್ಟು ವರ್ಷ ಬದುಕಲ್ಲವಲ್ಲ."

ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಪರವಾಗಿಲ್ಲ ಬಿಡಿ ಸಾರ್. ಬೆಳೆಯುತ್ತೆ ಅಂತ ಅವಳಿಗೆ ಗೊತ್ತಿತ್ತಲ್ಲ."