ಗಾಡಿ ಒಳಗೆ, ನಾನು ಹೊರಗೆ

2020ರಲ್ಲಿ ತಂಗಿ ಮದುವೆಯ ಸಾಲ ತೀರಿಸಲು ನನ್ನ ಬೈಕನ್ನು ಊರ ಗೌಡರ ಮಗನಿಗೆ 30,000ಕ್ಕೆ ಮಾರಿದೆ. ಕೈಗೆ ಬಂದದ್ದು 5,000. ಮಿಕ್ಕಿದ್ದು ‘ರಾಗಿ ಮಾರಿದ್ಮೇಲೆ’ ಅಂದ. ರಾಗಿ ಎರಡು ಸಲ ಕಣಕ್ಕೆ ಬಂದು ಹೋಯಿತು.

ಕೇಳಲು ಹೋದೆ. ನನ್ನ ಬೈಕು ಅವರ ಪಡಸಾಲೆಯಲ್ಲಿ ನಿಂತಿತ್ತು. ನಾನು ಅಂಗಳದಲ್ಲಿ. ನಾನೇ ತೊಳೆದು ಒರೆಸಿದ ಗಾಡಿಗೆ ಇಲ್ಲದ ಮೈಲಿಗೆ ನನಗೆ ಮಾತ್ರ ಹೇಗೆ ಅಂಟಿತು? ‘ಕೊಡ್ತೀನಿ ಹೋಗ್ಲಾ, ಊರು ಬುಟ್ಟು ಓಡೋಯ್ತೀನಾ?’ ಅಂದ.

‘ಬುಟ್ಬುಡು ಮಗ, ದೊಡ್ಡೋರ ಸವಾಸ’ ಅಂದ ಅಪ್ಪ. ಠಾಣೆಯವರು ‘ಇದು ಸಿವಿಲ್ ಮ್ಯಾಟರು’ ಅಂದರು. ಗೆಳೆಯರು ‘ಇನ್ನೊಂದು ಕೀ ಐತಲ್ಲ, ರಾತ್ರಿ ಎತ್ಕೊಂಡು ಬರಾನ’ ಅಂದರು. ಬೇಡವೆಂದೆ. ನಮ್ಮ ಕೇರಿಯವನು ತನ್ನದನ್ನೇ ತಂದರೂ ಕಳ್ಳನೇ.

ಆದರೆ ಆರ್.ಸಿ. ಬುಕ್ಕು ನನ್ನ ಹೆಸರಲ್ಲೇ ಇತ್ತು. 29, 30ನೇ ನಮೂನೆಗಳಿಗೆ ನಾನಿನ್ನೂ ಸಹಿ ಹಾಕಿರಲಿಲ್ಲ. ವಿಮೆ ಮುಗಿದಿತ್ತು. ಅವನು ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ನನ್ನ ತಲೆಗೆ. ನೋಂದಾಯಿತ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತ್ತು. ವಕೀಲರು ನೋಟಿಸು ಕಳಿಸಿದರು: ಹದಿನೈದು ದಿನದಲ್ಲಿ ದುಡ್ಡು ಕೊಡು, ಇಲ್ಲವೇ ಗಾಡಿ ಕೊಡು.

ಹನ್ನೆರಡನೇ ದಿನ ಆಳಿನ ಕೈಲಿ ಗಾಡಿ ಬಂತು. ಓಡಿಸಿದ್ದಕ್ಕೆ ಬಾಡಿಗೆ ಕೇಳಲಿಲ್ಲ. ಮುಂಗಡ ವಾಪಸು ಕಳಿಸಿ, ರಸೀತಿಗೆ ಅವನ ಸಹಿ ಹಾಕಿಸಿ ತರಿಸಿದೆ.

ಓದು ಬಾರದ ಅಪ್ಪ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬರುವ ಮುಂಚೆ ನಮ್ಮ ತಾತನ ಹೆಬ್ಬೆಟ್ಟು ಆ ಮನೆಗೆ ಹೋಗಿತ್ತು, ಹಿಂದೆಯೇ ಅಪ್ಪನೂ ಹೋಗಿದ್ದ. ಆ ಮನೆಯ ಸಹಿ ನಮ್ಮ ಕೇರಿಗೆ ಬಂದದ್ದು ಇದೇ ಮೊದಲು.